ಊರಿನ ಬಿಯರಿಗೆ ಊರೇ ಒಡೆಯ: ಪ್ರೀತಿಯಷ್ಟೇ ಸಾಲದು

ಊರವರು ಕೂಡುವ ಪಬ್ಬು, ದಿನಸಿ ಅಂಗಡಿಯಂಥ ಆಸ್ತಿ ಮಾರಾಟಕ್ಕೆ ಬಂದಾಗ ಅದನ್ನು ಕೊಳ್ಳುವ ಮೊದಲ ಹಕ್ಕು ಊರವರಿಗೇ ಸಿಗಬೇಕು. ಹಣ ಹೊಂದಿಸಿಕೊಳ್ಳಲು ಅವರಿಗೆ 12 ತಿಂಗಳ ಕಾಲಾವಕಾಶವಿರಬೇಕು. 2025ರ ಜುಲೈಯಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಮಂಡನೆಯಾದ ಇಂಗ್ಲೆಂಡಿನ ಅಧಿಕಾರ ವಿಕೇಂದ್ರೀಕರಣ ಮಸೂದೆಯು ಹೀಗೊಂದು ಪ್ರಸ್ತಾವವನ್ನು ಮುಂದಿಟ್ಟಿತು. 2011ರ ಕಾಯ್ದೆಯೊಂದು ಇಂಥ ಸಂದರ್ಭದಲ್ಲಿ 6 ತಿಂಗಳ ಅವಕಾಶವನ್ನು ನೀಡಿತ್ತಾದರೂ, ಅವಧಿ ಮುಗಿದ ಮೇಲೆ ಮಾಲೀಕನು ತನಗೆ ಬೇಕಾದವರಿಗೆ ಮಾರಲು ಯಾವ ಅಡ್ಡಿಯೂ ಇರಲಿಲ್ಲ. ಕಾನೂನು ಈಗ ಹಿಡಿಯಹೊರಟಿರುವ ದಾರಿಯನ್ನು ಕೆಲವು ಹಳ್ಳಿಗಳ ಬಿಯರ್ ಪ್ರಿಯರು ಎರಡು ದಶಕಗಳಿಗೂ ಹಿಂದೆಯೇ ತುಳಿದಿದ್ದರು ಎಂಬುದು ಗಮನಾರ್ಹ.

ಉತ್ತರ ಇಂಗ್ಲೆಂಡಿನ ಕಂಬ್ರಿಯಾ ಪ್ರಾಂತ್ಯದ ಹೆಸ್ಕೆಟ್ ನ್ಯೂಮಾರ್ಕೆಟ್ ಅಂಥ ಒಂದು ಪುಟ್ಟ ಹಳ್ಳಿ. ಇಲ್ಲಿನ 'ಓಲ್ಡ್ ಕ್ರೌನ್' ಪಬ್ಬಿನ ಹಿಂದಿನ ಕೊಟ್ಟಿಗೆಯಲ್ಲಿ 1988ರಲ್ಲಿ ಬಿಯರ್ ತಯಾರಿಕೆ ಆರಂಭವಾಯಿತು. ಸುತ್ತಲಿನ ಬೆಟ್ಟಗಳ ಹೆಸರುಗಳನ್ನೇ ಬಿಯರುಗಳಿಗೆ ಇಡಲಾಯಿತು. ಸ್ಥಾಪಕರು ವೃತ್ತಿಯಿಂದ ನಿವೃತ್ತರಾಗಬಯಸಿದಾಗ ಘಟಕವು ಮುಚ್ಚಿಹೋಗುವ ಅಥವಾ ಪರರ ಪಾಲಾಗುವ ಭೀತಿ ಎದುರಾಯಿತು. ಆಗ ಅದರ ಗಿರಾಕಿಗಳೂ ಗ್ರಾಮಸ್ಥರೂ ಕೂಡಿ ಸಹಕಾರ ಸಂಘವನ್ನು ಕಟ್ಟಿ, 1999ರಲ್ಲಿ ಘಟಕವನ್ನು ಕೊಂಡರು. 2003ರಲ್ಲಿ ಪಬ್ಬು ಸಹ ಇನ್ನೊಂದು ಸಹಕಾರ ಸಂಘದ ಕೈಸೇರಿತು. ಬ್ರಿಟನ್ನಿನ ಮೊತ್ತಮೊದಲ ಸಹಕಾರಿ ಪಬ್ಬು ಎಂಬ ಹೆಗ್ಗಳಿಕೆ ಅದಕ್ಕೆ ಸಂದಿತು.

ಒಂದು ಪಾನೀಯಕ್ಕಾಗಿ ಜನ ಇಷ್ಟು ಶ್ರಮ ವಹಿಸುವುದೇಕೆ ಎಂಬ ಪ್ರಶ್ನೆ ಸಹಜ. ಇಂಗ್ಲೆಂಡಿನ ಸಾಂಪ್ರದಾಯಿಕ 'ಏಲ್' ಬಿಯರು ಪೀಪಾಯಿಯೊಳಗೆ ಇನ್ನೊಮ್ಮೆ ಹುದುಗುತ್ತದೆ. ಅದರಲ್ಲಿ ಯೀಸ್ಟ್ ಜೀವಂತವಾಗಿರುವ ಕಾರಣ ಪೀಪಾಯಿ ತೆರೆದ ಕೆಲವೇ ದಿನಗಳಲ್ಲಿ ಖರ್ಚಾಗಬೇಕು. ಇಲ್ಲವಾದರೆ ರುಚಿ ಕೆಡುತ್ತದೆ. ತಂಪಾದ ನೆಲಮಾಳಿಗೆ, ಕೈಪಳಗಿದ ಪಬ್ಬಿನವನು, ತಪ್ಪದೆ ಬರುವ ಗಿರಾಕಿ - ಈ ಮೂರೂ ಕೂಡಿಬಂದಲ್ಲಿ ಮಾತ್ರ ಆ ಬಿಯರು ಬದುಕೀತು. ದೊಡ್ಡ ಕಂಪನಿಗಳು ಯೀಸ್ಟನ್ನು ಸೋಸಿ ತೆಗೆದು, ಅನಿಲ ತುಂಬಿದ ಬಿಯರನ್ನು ದೇಶದಾದ್ಯಂತ ಹರಡತೊಡಗಿದಾಗ ಅದನ್ನು ಪ್ರತಿಭಟಿಸಿ 1971ರಲ್ಲಿ 'ಕ್ಯಾಮ್ರಾ' ಎಂಬ ಬಳಕೆದಾರರ ಚಳವಳಿ ಹುಟ್ಟಿತು. ಏಲ್ ಉಳಿಯಬೇಕಾದರೆ ಪಬ್ಬು ಉಳಿಯಬೇಕು ಎಂಬುದು ಅದರ ವಾದದ ತಿರುಳು.

ಈ ಚಳವಳಿಯ ಬೆನ್ನಿಗೆ ಸಣ್ಣ ತಯಾರಕರು ತಲೆಯೆತ್ತಿದರು. 2002ರಲ್ಲಿ ಬ್ರಿಟಿಷ್ ಸರ್ಕಾರವು ಸಣ್ಣ ಘಟಕಗಳ ಅಬಕಾರಿ ಸುಂಕವನ್ನು ಅರ್ಧದವರೆಗೂ ಇಳಿಸಿದ್ದು ಅವರಿಗೆ ಬಲ ತಂದಿತು. ಆದರೆ ಬೆಳೆದ ಘಟಕಗಳ ಗತಿ ಏನಾಯಿತು? ಅಮೆರಿಕದ ಷಿಕಾಗೋದ 'ಗೂಸ್ ಐಲ್ಯಾಂಡ್' 2011ರಲ್ಲಿಯೂ, ಲಂಡನ್ನಿನ 'ಕ್ಯಾಮ್ಡೆನ್ ಟೌನ್' 2015ರಲ್ಲಿಯೂ ಜಗತ್ತಿನ ಅತಿದೊಡ್ಡ ಬಿಯರ್ ಕಂಪನಿಯಾದ ಆನ್ಹೈಸರ್ ಬುಷ್ ಇನ್‌ಬೆವ್‌ನ ಪಾಲಾದವು. ಲಂಡನ್ನಿನ ಹಳೆಯ ಮನೆತನ 'ಫುಲ್ಲರ್ಸ್' ತನ್ನ ಬಿಯರ್ ವ್ಯವಹಾರವನ್ನು 2019ರಲ್ಲಿ ಜಪಾನಿನ ಅಸಾಹಿಗೆ ಮಾರಿತು. ಈ ಯಾವ ಮಾರಾಟವನ್ನೂ ತಡೆಯುವ ಅಧಿಕಾರ ಆ ಬಿಯರುಗಳನ್ನು ಮೆಚ್ಚಿ ಬೆಳೆಸಿದ ಗಿರಾಕಿಗಳಿಗೆ ಇರಲಿಲ್ಲ.

ಹಾಗಾದರೆ ಗಿರಾಕಿಗಳೇ ಷೇರು ಕೊಂಡರೆ ಸಾಕಲ್ಲವೇ? ಸ್ಕಾಟ್ಲೆಂಡಿನ 'ಬ್ರೂಡಾಗ್' ಕಂಪನಿಯ ಇತಿಹಾಸವು ಈ ಪ್ರಶ್ನೆಗೆ ಕಟುವಾದ ಉತ್ತರವನ್ನು ನೀಡುತ್ತದೆ. 2007ರಲ್ಲಿ ಇಬ್ಬರು ಗೆಳೆಯರು ಸ್ಥಾಪಿಸಿದ ಈ ಕಂಪನಿ, ಮುಂದೆ ತನ್ನ ಅಭಿಮಾನಿಗಳಿಗೇ ಷೇರು ಮಾರಿ ಬಂಡವಾಳ ಕೂಡಿಸಿತು. ಹಲವು ಸುತ್ತುಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹಣ ಹಾಕಿದರು. ಪಬ್ಬುಗಳಲ್ಲಿ ರಿಯಾಯಿತಿ ದೊರೆಯಿತು, ವಾರ್ಷಿಕ ಸಭೆಗಳು ಸಂಗೀತದೊಡನೆ ಜಾತ್ರೆಯಂತೆ ನಡೆದವು. ಆದರೆ 2017ರಲ್ಲಿ ಅಮೆರಿಕದ ಟಿಎಸ್‌ಜಿ ಎಂಬ ಹೂಡಿಕೆ ಸಂಸ್ಥೆಯು ಸುಮಾರು 22 ಶೇಕಡಾ ಪಾಲನ್ನು ಕೊಂಡಾಗ ಅದಕ್ಕೆ ದೊರೆತದ್ದು ಆದ್ಯತಾ ಷೇರುಗಳು. ಅವುಗಳ ಮೇಲೆ ವರ್ಷಕ್ಕೆ 18 ಶೇಕಡಾ ಚಕ್ರಬಡ್ಡಿಯ ಲೆಕ್ಕದಲ್ಲಿ ಪ್ರತಿಫಲ ಬೆಳೆಯತಕ್ಕದ್ದು. ಕಂಪನಿ ಮಾರಾಟವಾದರೆ ಮೊದಲ ಪಾವತಿ ಅವಕ್ಕೇ ಸಲ್ಲತಕ್ಕದ್ದು. ಆ ದರದಲ್ಲಿ 100 ಪೌಂಡು 8 ವರ್ಷಗಳಲ್ಲಿ 375 ಪೌಂಡನ್ನು ದಾಟುತ್ತದೆ. ಸಾಮಾನ್ಯ ಷೇರುದಾರರು ಆ ಸಾಲಿನ ಹಿಂದೆ ನಿಂತರು. ಅಭಿಮಾನಿಗಳು ಲಕ್ಷಗಟ್ಟಲೆ ಇದ್ದರೂ ಷರತ್ತು ವಿಧಿಸುವ ಶಕ್ತಿ ಅವರದಾಗಿರಲಿಲ್ಲ.

ವ್ಯತ್ಯಾಸವಿರುವುದು ಇಲ್ಲಿಯೇ. ಕಂಪನಿಯಲ್ಲಿ ಮತವು ಷೇರಿನದು. ಸಹಕಾರ ಸಂಘದಲ್ಲಿ ಮತವು ಮನುಷ್ಯನದು. ಹತ್ತು ಪೌಂಡು ಹಾಕಿದವನಿಗೂ ಹತ್ತು ಸಾವಿರ ಹಾಕಿದವನಿಗೂ ಒಂದೇ ಮತ. ಬ್ರಿಟನ್ನಿನ ಸಮುದಾಯ ಸಂಘಗಳ ಷೇರನ್ನು ಸಾಮಾನ್ಯವಾಗಿ ಸಂಘಕ್ಕೇ ಹಿಂದಿರುಗಿಸಿ, ಹಾಕಿದ ಮೊತ್ತವನ್ನಷ್ಟೇ ಪಡೆಯಬಹುದು. ಬೆಲೆ ಏರಿ ಲಾಭವಾಗುವ ಆಸೆಯಿಲ್ಲ; ಹಾಗೆಯೇ ದೊಡ್ಡ ಹೂಡಿಕೆದಾರನು ಷೇರು ಸಂಗ್ರಹಿಸಿ ಸಂಘವನ್ನು ನುಂಗುವ ಭಯವೂ ಇಲ್ಲ. ಕನ್ನಡ ಓದುಗರಿಗೆ ಈ ತತ್ವ ಹೊಸದಲ್ಲ. 1904ರ ಸಹಕಾರ ಕಾಯ್ದೆಯ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಹುಟ್ಟಿದ ಕೃಷಿ ಪತ್ತಿನ ಸಂಘದಿಂದ ಹಿಡಿದು ಇಂದಿನ ಹಾಲು ಉತ್ಪಾದಕರ ಸಂಘಗಳವರೆಗೆ ನಾಡಿನ ಹಳ್ಳಿಗಳು ಅದನ್ನು ಬಲ್ಲವು. ಅದರ ಗುಣವನ್ನೂ, ಅದರೊಳಗೆ ನುಸುಳುವ ರಾಜಕೀಯವನ್ನೂ ಬಲ್ಲವು.

ಸಮುದಾಯದ ಒಡೆತನ ಎಂಬುದು ಆಧುನಿಕರ ಹವ್ಯಾಸವೆಂದು ತಳ್ಳಿಹಾಕುವವರು ಜರ್ಮನಿಯ ಬವೇರಿಯಾ ರಾಜ್ಯದ ಉತ್ತರ ಓಬರ್‌ಫಾಲ್ಸ್ ಪ್ರದೇಶದತ್ತ ನೋಡಬೇಕು. ವಿಂಡಿಷೆಷೆನ್‌ಬಾಖ್, ನಾಯ್‌ಹೌಸ್, ಮಿಟರ್‌ಟೈಖ್, ಫಾಲ್ಕನ್‌ಬೆರ್ಗ್, ಎಸ್ಲಾರ್ನ್ ಎಂಬ ಊರುಗಳಲ್ಲಿ ಬಿಯರ್ ಕುದಿಸುವ ಮನೆ ಸಾರ್ವಜನಿಕರದು. ನಾಯ್‌ಹೌಸ್‌ನಲ್ಲಿ ಈ ಹಕ್ಕಿನ ಇತಿಹಾಸ 15ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಹಕ್ಕುಳ್ಳ ಮನೆಯವರು ಸರದಿಯಂತೆ ಅಲ್ಲಿಗೆ ಬಂದು, ಕಟ್ಟಿಗೆಯ ಬೆಂಕಿಯಲ್ಲಿ ಮಾಲ್ಟ್ ಮತ್ತು ಹಾಪ್ಸ್ ಕುದಿಸಿ, ಅಗಲವಾದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಿಸಿದ ರಸವನ್ನು ತಮ್ಮ ಮನೆಯ ನೆಲಮಾಳಿಗೆಗೆ ಸಾಗಿಸುತ್ತಾರೆ. ಯೀಸ್ಟ್ ಸೇರುವುದು, ಹುದುಗುವುದು, ವಾರಗಟ್ಟಲೆ ಮಾಗುವುದು ಎಲ್ಲವೂ ಅಲ್ಲಿ. ಕಡಾಯಿ ಬಳಸಿದ್ದಕ್ಕೆ ಪ್ರತಿಯೊಬ್ಬರೂ ಶುಲ್ಕ ತೆರುತ್ತಾರೆ. ಆ ಹಣದಿಂದಲೇ ಕಟ್ಟಡದ ದುರಸ್ತಿ ನಡೆಯುತ್ತದೆ. ಬಿಯರು ಸಿದ್ಧವಾದ ಮನೆಯ ಮುಂದೆ ಆರು ಮೂಲೆಯ ನಕ್ಷತ್ರ ತೂಗುತ್ತದೆ. 'ತ್ಸೋಯ್ಗಲ್' ಎಂಬ ಈ ಬಿಯರಿನ ಹೆಸರು 'ಗುರುತು' ಎಂಬ ಅರ್ಥದ ಜರ್ಮನ್ ಪದದಿಂದ ಬಂದುದೆಂದು ಹೇಳಲಾಗುತ್ತದೆ. 2018ರಲ್ಲಿ ಈ ಪದ್ಧತಿಯು ಜರ್ಮನಿಯ ಪರಂಪರೆಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಇಲ್ಲಿ ಸಮುದಾಯದ್ದು ಯಾವುದು, ಮನೆಯದು ಯಾವುದು ಎಂಬ ಗೆರೆ ಸ್ಪಷ್ಟ. ದುಬಾರಿಯಾದ ಕಡಾಯಿ ಎಲ್ಲರದು. ರುಚಿ ಮತ್ತು ಮಾರಾಟ ಆಯಾ ಮನೆಯದು. ಆದ್ದರಿಂದಲೇ ಒಂದೇ ಒಲೆಯಲ್ಲಿ ಕುದಿದ ರಸ ಮನೆಯಿಂದ ಮನೆಗೆ ಬೇರೆ ರುಚಿಯ ಬಿಯರಾಗುತ್ತದೆ.

ಇಷ್ಟಾದರೂ ಸಹಕಾರವನ್ನು ಸರ್ವರೋಗ ನಿವಾರಕವೆಂದು ಭಾವಿಸುವುದು ತಪ್ಪಾದೀತು. 2022ರ ನಂತರ ಬ್ರಿಟನ್ನಿನಲ್ಲಿ ಇಂಧನದ ಬೆಲೆ ಏರಿದಾಗ ಬಿಸಿ ಬಿಲ್ಲು ಸಂಘಕ್ಕೂ ಕಂಪನಿಗೂ ಒಂದೇ ಆಗಿ ತಟ್ಟಿತು. ಬಂಡವಾಳ ಬೇಕಾದಾಗ ಸಂಘವು ಮತ್ತೆ ಊರವರ ಕಿಸೆಯತ್ತಲೇ ನೋಡಬೇಕು. ಆರಂಭದ ಉತ್ಸಾಹ ತಗ್ಗಿದ ಮೇಲೆ ಲೆಕ್ಕಪತ್ರ ನೋಡುವವರು, ಸಭೆಗೆ ಬರುವವರು ವಿರಳವಾಗುತ್ತಾರೆ. ಷೇರು ಕೊಂಡವರು ವಾರಕ್ಕೊಮ್ಮೆಯಾದರೂ ಬಂದು ಕುಡಿಯದಿದ್ದರೆ ಪೀಪಾಯಿಯಲ್ಲಿನ ಏಲ್ ಹುಳಿಯುತ್ತದೆ. ಅದಕ್ಕೆ ಯಾವ ಕಾಯ್ದೆಯೂ ಮದ್ದಲ್ಲ.

ಕೊಳ್ಳುವ ಹಕ್ಕನ್ನು ಕಾನೂನು ನೀಡಬಹುದು, ಕೊಳ್ಳುವ ಹಣವನ್ನಲ್ಲ. ಹಣವೂ ಕೂಡಿಬಂದಾಗ ಊರವರು ಮೊದಲು ಓದಬೇಕಾದದ್ದು ಸಂಘದ ನಿಯಮಾವಳಿ. ಯಾರಿಗೆ ಎಷ್ಟು ಮತ, ಮಾರುವ ತೀರ್ಮಾನ ಯಾರದು, ಮಾರಿದರೆ ಮೊದಲ ಪಾವತಿ ಯಾರಿಗೆ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರಬೇಕು. ಬ್ರೂಡಾಗ್ ಅಭಿಮಾನಿಗಳ ಬಿಯರ್ ಪ್ರೀತಿ ಹೆಸ್ಕೆಟ್ ನ್ಯೂಮಾರ್ಕೆಟಿನವರ ಪ್ರೀತಿಗಿಂತ ಕಡಿಮೆಯದೇನೂ ಆಗಿರಲಿಲ್ಲ. ಕಡಿಮೆ ಇದ್ದದ್ದು ಅವರ ಕೈಯಲ್ಲಿನ ಅಧಿಕಾರ.