ಮನೆಯ ಹತ್ತುಗೋಡೆಗೆ ಎಂಥ ಹಿಡಿಗಳು ಬೇಕು? ಸಣ್ಣದಾದಷ್ಟೂ ಒಳ್ಳೆಯದೇ?

ಚಿತ್ರದುರ್ಗದ ಕೋಟೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ವಿಡಿಯೋ ನೋಡಿ ತಾವೂ ಹತ್ತಬೇಕೆಂದುಕೊಳ್ಳುವ ಮಕ್ಕಳು ಹಲವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿಗೆ ಸೇರಿತು. ಆದರೆ ಬಸವಕಲ್ಯಾಣದ ಕಡೆಯ ಗೋರ್ಟಾ (ಬಿ) ಯಂಥ ಊರಿನಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಹತ್ತುಗೋಡೆ 600 ಕಿ.ಮೀ.ಗೂ ಹೆಚ್ಚು ದೂರ. ಹಾಗಾಗಿ ಮನೆಯಲ್ಲೇ ಪ್ಲೈವುಡ್ ಗೋಡೆ ಮಾಡಿಕೊಳ್ಳುವುದು ಒಂದು ದಾರಿ. ಆಗ ಬರುವ ಮೊದಲ ಪ್ರಶ್ನೆ: ಎಂಥ ಹಿಡಿಗಳನ್ನು ಕೊಳ್ಳಬೇಕು?

ತಪ್ಪು ನಂಬಿಕೆ: ಸಣ್ಣ ಹಿಡಿಯಿಂದ ಬೆರಳು ಬೇಗ ಗಟ್ಟಿಯಾಗುತ್ತದೆ

ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಬರುವ ಸ್ನಾಯುರಜ್ಜುಗಳನ್ನು ಬಳೆಯಂಥ ಪಟ್ಟಿಗಳು ಮೂಳೆಗೆ ಅಂಟಿದಂತೆ ಹಿಡಿದಿಡುತ್ತವೆ. ಕಿರಿದಾದ ಅಂಚನ್ನು ಬೆರಳು ಮಡಚಿ ಹಿಡಿದಾಗ ಈ ಪಟ್ಟಿಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಸ್ನಾಯು ಕೆಲವು ವಾರಗಳಲ್ಲಿ ಬಲಗೊಂಡರೂ ರಜ್ಜು, ಪಟ್ಟಿಗಳಿಗೆ ತಿಂಗಳುಗಳು ಬೇಕು. ಶಕ್ತಿ ಬಂತೆಂದು ಆತುರಪಟ್ಟರೆ ಪಟ್ಟಿ ಹರಿಯಬಹುದು. ಬೆಳೆಯುವ ಮಕ್ಕಳಲ್ಲಿ ಬೆರಳಿನ ಮೂಳೆಯ ಬೆಳವಣಿಗೆಯ ಭಾಗಕ್ಕೇ ಪೆಟ್ಟಾಗಬಹುದು.

ಯಾವ ಹಿಡಿ ಎಷ್ಟು?

ಇಡೀ ಕೈ ಒಳಗೆ ಹೋಗುವಂಥ ದೊಡ್ಡ ಹಿಡಿಗೆ ಜಗ್ ಎನ್ನುತ್ತಾರೆ. ಹೊಸಬರ ಗೋಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ ಇರಲಿ. ಹೆಬ್ಬೆರಳನ್ನೂ ಸೇರಿಸಿ ಚಿವುಟಿದಂತೆ ಹಿಡಿಯುವ ಪಿಂಚ್, ಅಂಗೈಯ ಒತ್ತಿನಿಂದಲೇ ನಿಲ್ಲುವ ದುಂಡನೆಯ ಸ್ಲೋಪರ್ ಕೆಲವು ಸಾಕು. ಬೆರಳ ತುದಿಗಷ್ಟೇ ಸಿಗುವ ಕ್ರಿಂಪ್, ಒಂದೆರಡು ಬೆರಳಷ್ಟೇ ಹಿಡಿಸುವ ಪಾಕೆಟ್ ಆಮೇಲೆ ಬರಲಿ. ಸಣ್ಣ ಹಿಡಿಗಳನ್ನು ಕಾಲಿಡಲು ಬಳಸಿ. ಗೋಡೆ ಮುಂದಕ್ಕೆ ಬಾಗಿದಷ್ಟೂ ಭಾರ ಕಾಲಿನಿಂದ ಕೈಗೆ ಬರುವುದರಿಂದ ಹಿಡಿಯೂ ದೊಡ್ಡದಾಗಿರಬೇಕು.

ಪಾಲಿಯೂರಿಥೇನ್ ಹಿಡಿ ಹಗುರ, ಸುಲಭವಾಗಿ ಒಡೆಯದು. ಪಾಲಿಯೆಸ್ಟರ್ ರಾಳದ್ದು ಭಾರ, ಬಿದ್ದರೆ ಚೂರಾಗಬಹುದು. ನುಣ್ಣಗೆ ಉಜ್ಜಿದ ಮರದ ಹಿಡಿ ಚರ್ಮಕ್ಕೆ ಹಿತ. ಊರ ಬಡಗಿಯೂ ಇದನ್ನು ಮಾಡಿಕೊಡಬಲ್ಲರು. ಅಂಚು ದುಂಡಗಿರಬೇಕು, ಸಿಬಿರು ಇರಬಾರದು.

ಹೊಲದ ಕಲ್ಲನ್ನು ಅಂಟಿಸಿದರೆ ಸಾಲದೇ?

ಸಾಲದು. ಅಂಟು ಯಾವಾಗ ಬಿಡುತ್ತದೆಂದು ಹೊರಗಿನಿಂದ ಕಾಣುವುದಿಲ್ಲ. ಕಿತ್ತುಬಂದ ಕಲ್ಲು ಹತ್ತುವವರ ಮೇಲೆಯೇ ಬೀಳುತ್ತದೆ. ಕಲ್ಲು-ಮಣ್ಣಿನ ಹಳೆಯ ಗೋಡೆಗೆ ನೇರವಾಗಿ ಬೋಲ್ಟ್ ಹೊಡೆಯುವುದೂ ಬೇಡ. ಗಟ್ಟಿ ಚೌಕಟ್ಟಿನ ಮೇಲೆ 18 ಮಿ.ಮೀ. ಪ್ಲೈವುಡ್ ಕೂರಿಸಿ, ಹಿಂಬದಿಯಲ್ಲಿ ಟಿ-ನಟ್ ಹಾಕಿ, ಸಾಮಾನ್ಯವಾಗಿ ಬಳಸುವ 10 ಮಿ.ಮೀ. ಬೋಲ್ಟ್‌ನಿಂದ ಹಿಡಿಗಳನ್ನು ಬಿಗಿಯಿರಿ. ಹೀಗಿದ್ದರೆ ಅವುಗಳ ಜಾಗ ಬದಲಿಸುತ್ತ ಅವೇ ಹಿಡಿಗಳಿಂದ ಹೊಸ ದಾರಿಗಳನ್ನು ಮಾಡಬಹುದು. ಹತ್ತುವ ಮೊದಲು ಯಾವ ಹಿಡಿಯಾದರೂ ತಿರುಗುತ್ತಿದೆಯೇ ಎಂದು ನೋಡಿ. ಕೆಳಗೆ ದಪ್ಪ ಹಾಸು ಇರಲೇಬೇಕು.

ಹತ್ತುವಾಗ ಬೆರಳಲ್ಲಿ 'ಠಪ್' ಎಂದು ಸದ್ದಾಗಿ ನೋವು, ಊತ ಬಂದರೆ ಅಲ್ಲಿಗೇ ನಿಲ್ಲಿಸಿ. ಎಣ್ಣೆ ತಿಕ್ಕಿ ಮತ್ತೆ ಹತ್ತಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ಮಕ್ಕಳ ಬೆರಳಿನ ಗೆಣ್ಣು ದಿನಗಟ್ಟಲೆ ನೋಯುತ್ತಿದ್ದರೂ ಅಷ್ಟೇ.