ಸಾವಯವ ತರಕಾರಿಗೆ ಸಂತೆಯಲ್ಲಿ ಜಾಗ ಕೊಡಿ
ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಅರ್ಧ ಎಕರೆಯಲ್ಲಿ ಬದನೆ, ಮೆಂತೆ, ಹೀರೆ ಬೆಳೆಯುವ ರೈತನಿಗೆ ಸಾವಯವ ಕೃಷಿ ಲಾಭ ತರುತ್ತದೆಯೇ? ತರಬಲ್ಲದು, ಮಾರಾಟ ಅವನ ಕೈಯಲ್ಲಿದ್ದರೆ.

ಜೀವಾಮೃತವೆಂಬ ದ್ರವ ಗೊಬ್ಬರಕ್ಕೆ ಬೇಕಾದ ಸೆಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಊರಲ್ಲೇ ಸಿಗುತ್ತವೆ; ಗೊಬ್ಬರದಂಗಡಿಯ ಉದ್ರಿ ತಗ್ಗುತ್ತದೆ. ಆದರೆ ಕಳೆ ತೆಗೆಯುವ ಕೂಲಿ ಏರುತ್ತದೆ. ಇದನ್ನು ಮುಚ್ಚಿಟ್ಟು ‘ಶೂನ್ಯ ಬಂಡವಾಳ’ ಎನ್ನುವುದು ರೈತನಿಗೆ ಮಾಡುವ ಅನ್ಯಾಯ.

ಕಷ್ಟವಿರುವುದು ಆರಂಭದಲ್ಲಿ. ರಾಷ್ಟ್ರೀಯ ನಿಯಮದಂತೆ ತರಕಾರಿಗೆ ಸಾಮಾನ್ಯವಾಗಿ 2 ವರ್ಷ ಪರಿವರ್ತನೆಯ ಅವಧಿ. ಆಗ ಇಳುವರಿ ಇಳಿಯಬಹುದು, ಸಾವಯವದ ಬೆಲೆಯೂ ಸಿಗದು. 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ಈ ಅವಧಿಗೆ ಆಸರೆಯಾಗಬೇಕು.

ಪಿಜಿಎಸ್ (ಸಹಭಾಗಿತ್ವದ ಖಾತರಿ) ಪದ್ಧತಿಯಲ್ಲಿ 5 ರೈತರು ಕೂಡಿ, ಪರಸ್ಪರರ ಹೊಲ ಪರಿಶೀಲಿಸಿ, ಪ್ರಮಾಣಪತ್ರ ಪಡೆಯಬಹುದು. ಈ ತರಕಾರಿ ಮಾರಲು ಶಿಗ್ಗಾಂವಿಯಿಂದ ಹುಬ್ಬಳ್ಳಿ ದೂರವಲ್ಲ. ಅದಕ್ಕೂ ಮೊದಲು, ವಾರದ ಸಂತೆಯಲ್ಲಿ ಇಂಥ ಗುಂಪುಗಳಿಗೆ ಪ್ರತ್ಯೇಕ ಕಟ್ಟೆಯನ್ನು ಪುರಸಭೆಗಳು ಕೊಡಲಿ.