ಗೋಲು ತಡೆದವರ ಲೆಕ್ಕ

ಫುಟ್‌ಬಾಲ್ ಪಂದ್ಯ ಮುಗಿದ ಮರುದಿನ ಪತ್ರಿಕೆಯಲ್ಲಿ ಗೋಲು ಹೊಡೆದವರ ಹೆಸರು ಅಚ್ಚಾಗುತ್ತದೆ. ಆಗಲಿದ್ದ ಗೋಲನ್ನು ತಡೆದವರ ಹೆಸರು ಕಾಣಿಸುವುದು ಅಪರೂಪ. ನಡೆಯದೇ ಹೋದ ಅನಾಹುತಕ್ಕೆ ಲೆಕ್ಕವಿಡುವವರು ಯಾರು? ಈ ಅನ್ಯಾಯವನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವರು ಬೆಲಾರುಸ್ ದೇಶದ ಸೆರ್ಗೆಯ್ ಗುರೆಂಕೊ.

ನೆಮನ್ ನದಿಯ ದಡದ ಗ್ರೋಡ್ನೊ ಪಟ್ಟಣದಲ್ಲಿ 1972ರಲ್ಲಿ ಜನಿಸಿದ ಗುರೆಂಕೊ ಪಾರ್ಶ್ವದ ರಕ್ಷಣಾ ಆಟಗಾರರು. ಸೋವಿಯತ್ ಒಕ್ಕೂಟ ಒಡೆದು ಬೆಲಾರುಸ್ 1991ರಲ್ಲಿ ಸ್ವತಂತ್ರವಾಯಿತು. ಹೊಸ ದೇಶಕ್ಕೆ ತನ್ನದೇ ತಂಡವೊಂದು ಬೇಕಾಗಿತ್ತು. 1994ರಿಂದ 2006ರವರೆಗೆ ಗುರೆಂಕೊ ಆ ತಂಡಕ್ಕಾಗಿ 80 ಪಂದ್ಯಗಳನ್ನಾಡಿದರು. ಹೊಡೆದ ಗೋಲುಗಳು ಮೂರು. ಬರಿಯ ಅಂಕಿ ನೋಡುವವರಿಗೆ ಈ ಮೂರು ಅಲ್ಪವೆನಿಸೀತು. ನನಗೆ ಆ ಎಂಬತ್ತೇ ದೊಡ್ಡದು.

ಗೋಲಿಲ್ಲದೆ ಗೆಲುವೆಲ್ಲಿ, ಹೊಡೆದವರಿಗೇ ಕೀರ್ತಿ ಸಲ್ಲಬೇಡವೆ ಎಂದು ಕೆಲವರು ಕೇಳಬಹುದು. ಅದಕ್ಕೆ 1999ರ ಯುರೋಪಿಯನ್ ಕಪ್ ವಿಜೇತರ ಕಪ್‌ನ ಉಪಾಂತ್ಯವೇ ಉತ್ತರ. ಗುರೆಂಕೊ ಅವರಿದ್ದ ಮಾಸ್ಕೋದ ಲೋಕೊಮೋಟಿವ್ ತಂಡ ಇಟಲಿಯ ಲಾಜಿಯೊ ಎದುರು ತವರಿನಲ್ಲಿ 1–1, ರೋಮಿನಲ್ಲಿ 0–0 ಸಾಧಿಸಿತು. ಒಂದು ಪಂದ್ಯದಲ್ಲೂ ಸೋಲಲಿಲ್ಲ, ಆದರೂ ಹೊರಬಿದ್ದಿತು. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆಯೆಂಬುದು ಅಂದಿನ ನಿಯಮ. ತವರಿನಲ್ಲಿ ಬಿಟ್ಟುಕೊಟ್ಟ ಒಂದೇ ಗೋಲು ವರ್ಷದ ಶ್ರಮವನ್ನೆಲ್ಲ ನುಂಗಿತು. ಬಾಗಿಲು ಕಾಯುವವರ ಬೆಲೆ ತಿಳಿಯಲು ಇದಕ್ಕಿಂತ ಪಾಠ ಬೇಕೆ?

ಅದೇ ವರ್ಷ ಗುರೆಂಕೊ ಇಟಲಿಯ ರೋಮಾ ತಂಡವನ್ನು ಸೇರಿದರು. ತಾರೆಗಳಿಂದ ತುಂಬಿದ್ದ ಆ ತಂಡದಲ್ಲಿ ಅವರಿಗೆ ದೊರೆತ ಅವಕಾಶ ಕಡಿಮೆ. 2001ರಲ್ಲಿ ರೋಮಾ ಇಟಲಿಯ ಚಾಂಪಿಯನ್ ಆದಾಗ ಅವರು ಎರವಲಾಗಿ ಸ್ಪೇನಿನ ಜರಗೋಜಾದಲ್ಲಿದ್ದರು. ಆ ತಂಡ ಅದೇ ಬೇಸಿಗೆಯಲ್ಲಿ ಸ್ಪೇನಿನ ರಾಜರ ಕಪ್ ಗೆದ್ದಿತು. ಅಲ್ಲಿಂದ ಪಾರ್ಮಾ, ಪಿಯಾಚೆಂಜಾ. ಕೊನೆಗೆ 2003ರಲ್ಲಿ ಲೋಕೊಮೋಟಿವ್‌ಗೇ ಮರಳಿದರು. ಮರುವರ್ಷ ಆ ತಂಡ ರಷ್ಯಾದ ಚಾಂಪಿಯನ್ ಆಯಿತು. ದೊಡ್ಡ ಊರಿನಲ್ಲಿ ಮೂಲೆಗೆ ಸರಿದವರು ತಮಗೆ ಕೆಲಸವಿದ್ದ ಕಡೆ ಹೋಗಿ ದುಡಿದರು. ಇದನ್ನು ಹಿನ್ನಡೆ ಎನ್ನಲು ನನಗೆ ಮನಸ್ಸಿಲ್ಲ. ಆಟ ನಿಲ್ಲಿಸಿದ ಮೇಲೆ ಮಿನ್ಸ್ಕ್ ನಗರದ ಡೈನಮೋ ತಂಡಕ್ಕೂ ಅವರು ತರಬೇತುದಾರರಾದರು.

ಬೆಲಾರುಸ್ ಇಂದಿಗೂ ವಿಶ್ವಕಪ್ಪಿನ ಅಂತಿಮ ಸುತ್ತನ್ನು ಕಂಡಿಲ್ಲ. 2001ರಲ್ಲಿ ಪೋಲೆಂಡನ್ನು ಮಿನ್ಸ್ಕ್‌ನಲ್ಲಿ 4–1ರಿಂದ ಮಣಿಸಿ ಆಸೆ ಚಿಗುರಿಸಿಕೊಂಡಿತು. ಕೊನೆಯ ಪಂದ್ಯದಲ್ಲಿ ವೇಲ್ಸ್‌ಗೆ ಸೋತು ಮೂರನೆಯ ಸ್ಥಾನದಲ್ಲೇ ಉಳಿಯಿತು. ಹಾಗೆಂದು ಆ ಎಂಬತ್ತು ಪಂದ್ಯಗಳು ವ್ಯರ್ಥವೆ? ಫಲವೊಂದರಿಂದಲೇ ದುಡಿಮೆಯನ್ನು ಅಳೆಯುವುದಾದರೆ ಲೋಕದ ಬಹುಪಾಲು ಒಳ್ಳೆಯ ಕೆಲಸ ಸೊನ್ನೆಯಾದೀತು.

ಪ್ರಿಯ ಶಿಷ್ಯರೇ, ನಾವು ಉಪಾಧ್ಯಾಯರೂ ರ‍್ಯಾಂಕ್ ಪಡೆದವರ ಹೆಸರನ್ನಷ್ಟೇ ಗೋಡೆಯ ಮೇಲೆ ಬರೆಸುತ್ತೇವೆ. ನಿಮ್ಮಲ್ಲಿ ಅನೇಕರು ವೃದ್ಧ ತಂದೆ-ತಾಯಿಯರನ್ನು ನೋಡಿಕೊಳ್ಳುತ್ತ, ತಮ್ಮ-ತಂಗಿಯರನ್ನು ಓದಿಸುತ್ತ, ಮನೆಗೆ ಬರಬಹುದಾಗಿದ್ದ ಕಷ್ಟವನ್ನು ಸದ್ದಿಲ್ಲದೆ ತಡೆದಿದ್ದೀರಿ. ಆ ಸಾಧನೆಗೆ ಫಲಕವಿಲ್ಲ. ಆದರೆ ಹಿಂದೆ ನಿಂತು ಕಾದವರಿದ್ದುದರಿಂದಲೇ ಮುಂದೆ ಹೋದವರು ನಿಶ್ಚಿಂತೆಯಿಂದ ಓಡಿದರು. ನಿಮ್ಮ ಮಕ್ಕಳಿಗೆ ಗೋಲು ಹೊಡೆಯುವುದನ್ನು ಅಗತ್ಯವಾಗಿ ಕಲಿಸಿ. ತಡೆದವರನ್ನು ಗೌರವಿಸುವುದನ್ನೂ ಜೊತೆಗೇ ಕಲಿಸಿ.